ಡಿಕ್ಕಿ ತೆರೆದು ಬಾಳೆಗೊನೆ ಸಾಗಿಸಬಹುದಾ?

ಮೈಸೂರಿನ ಬಂಡೀಪಾಳ್ಯ ಎಪಿಎಂಸಿಗೆ ಬೆಳಗಿನ ಜಾವ ಡಿಕ್ಕಿ ತೆರೆದು, ಬಾಳೆಗೊನೆ ಹೊರಗೆ ಚಾಚಿಕೊಂಡು ಬರೋ ಕಾರುಗಳನ್ನ ನಂಜನಗೂಡು ರಸ್ತೆಯಲ್ಲಿ ನೋಡ್ತಾನೇ ಇರ್ತೀನಿ. ಸರಕು ಮಿತಿ ಮೀರಿ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194(1ಎ) ಪ್ರಕಾರ ದಂಡ 20,000 ರೂಪಾಯಿ. ಇಳಿಸೋ ಖರ್ಚೂ ನಮ್ಮದೇ. ಎಷ್ಟು ಗೊನೆ ಮಾರಬೇಕು, ನೀವೇ ಲೆಕ್ಕ ಹಾಕಿ! ಡಿಕ್ಕಿ ಬಾಗಿಲಲ್ಲಿರೋ ನಂಬರ್ ಪ್ಲೇಟ್ ಬೇರೆ ಆಕಾಶ ನೋಡ್ತಿರುತ್ತೆ.

ದಂಡಕ್ಕಿಂತ ನನಗೆ ಹೆದರಿಕೆ ಹೊಗೆಯದ್ದು. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತೆ. ಹಾಗಾಗಿ ಸೈಲೆನ್ಸರ್ ಹೊಗೆ ತೆರೆದ ಡಿಕ್ಕಿಯಿಂದ ಒಳಕ್ಕೆ ನುಗ್ಗುತ್ತೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದರೆ ನಿದ್ದೆಗೆಟ್ಟಿದ್ದಕ್ಕೆ ಅಂದ್ಕೋತೀವಿ. ಹಿಂದಿನ ಸೀಟಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ.

ಸೀಟು ಮಡಚಿ, ಗೊನೆಗಳನ್ನ ಒಳಗೇ ಜೋಡಿಸಿ, ಡಿಕ್ಕಿ ಮುಚ್ಚಿ. ಹಿಡಿಸದಿದ್ದರೆ ಅಕ್ಕಪಕ್ಕದ ಜಮೀನಿನವರು ಸೇರಿ ಲಗೇಜ್ ಆಟೋ ಮಾಡಿಕೊಳ್ಳಿ.