ಹಸು ಹುಲ್ಲಲ್ಲೇ ಇರಬೇಕಾ?

ಕಣ್ಣು ಕೊಡೋದು ಸುಳಿವು ಮಾತ್ರ, ಗುರುತು ಹಿಡಿಯೋದು ಮೆದುಳು. ಅದಕ್ಕೆ ದೊಡ್ಡ ಆಸರೆ ಸುತ್ತಲಿನ ಸನ್ನಿವೇಶ.

1975ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ಪಾಮರ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮೊದಲು ಅಡುಗೆಮನೆಯಂಥ ದೃಶ್ಯ, ಆಮೇಲೆ ಕ್ಷಣಮಾತ್ರ ಕಾಣುವ ಒಂದು ವಸ್ತು. ಅಡುಗೆಮನೆ ನೋಡಿದವರು ಬ್ರೆಡ್ಡನ್ನು ಸುಲಭವಾಗಿ ಗುರುತಿಸಿದರು. ಆಕಾರದಲ್ಲಿ ಬ್ರೆಡ್ಡನ್ನೇ ಹೋಲುವ ಅಮೆರಿಕದ ಅಂಚೆ ಡಬ್ಬಿ ತೋರಿಸಿದಾಗ ತಪ್ಪುಗಳು ಹೆಚ್ಚಾದವು.

ಇದು ಹೇಗೆ ನಡೆಯುತ್ತೆ? ಮೊಶೆ ಬಾರ್ ಅವರ ವಿವರಣೆ ನಮಗೆ ಬೇಗ ಅರ್ಥವಾಗುವಂಥದ್ದು. ಚಿತ್ರದ ಮಸುಕು ರೂಪ, ಅಂದ್ರೆ ನಾವು ಸಿಗ್ನಲ್ಸ್ ಕ್ಲಾಸಲ್ಲಿ ಓದೋ ಲೋ ಫ್ರೀಕ್ವೆನ್ಸಿ ಭಾಗ, ಮೊದಲೇ ಮೆದುಳಿನ ಮುಂಭಾಗ ಮುಟ್ಟುತ್ತೆ. ಅಲ್ಲಿಂದ 'ಇದು ಇಂಥದ್ದಿರಬಹುದು' ಅನ್ನೋ ಊಹೆ ವಾಪಸ್ ಬರುತ್ತೆ. 2006ರ ಅವರ ತಂಡದ ಅಳತೆಯಲ್ಲಿ, ವಸ್ತು ಗುರುತಿಸುವ ಭಾಗಕ್ಕಿಂತ ಸುಮಾರು 50 ಮಿಲಿಸೆಕೆಂಡ್ ಮೊದಲೇ ಮುಂಭಾಗ ಚುರುಕಾಗಿತ್ತು. ವಿವರಗಳು ಬಂದ ಮೇಲೆ ಊಹೆ ಗಟ್ಟಿಯಾಗುತ್ತೆ, ಇಲ್ಲವೇ ಬಿದ್ದುಹೋಗುತ್ತೆ.

ಹೀಗೆ ಊಹೆ ಬೀಳಲು ಬಿಡೋದೇ ಮುಖ್ಯ. ಗೋಕರ್ಣದ ಕಡಲತೀರದಲ್ಲಿ ಹಸು ಮಲಗಿದ್ದರೂ ನಮಗದು ಹಸುವೇ. ಆದರೆ 2018ರ ಒಂದು ಅಧ್ಯಯನ ತೋರಿಸಿದಂತೆ, ಹುಲ್ಲಿನ ಮೇಲಿನ ಹಸುವನ್ನು ಸರಿಯಾಗಿ ಗುರುತಿಸಿದ ಕಂಪ್ಯೂಟರ್ ವ್ಯವಸ್ಥೆಗಳು ಕಡಲತೀರದ ಹಸುವಿನ ಮುಂದೆ ಎಡವಿದವು. ಅವು ಹಸುವಿನ ಜೊತೆ ಹುಲ್ಲನ್ನೂ ಕಲಿತುಬಿಟ್ಟಿದ್ದವು!

ಇದೇ ತಪ್ಪನ್ನು ತಾನೇ ಓಡುವ ಕಾರಿನ ಕ್ಯಾಮೆರಾ ಮಾಡಿದರೆ? ಹೆದ್ದಾರಿ ನಡುವೆ ನಿಂತ ಹಸುವಿಗೂ ಕಾರಲ್ಲಿ ಕೂತವರಿಗೂ ಅಪಾಯ. ಹಾಗಾಗಿ ಪ್ರಾಜೆಕ್ಟಿಗೆ ಡೇಟಾಸೆಟ್ ಕಟ್ಟುವಾಗ ಒಂದೇ ಹಿನ್ನೆಲೆಯ ಸಾವಿರ ಚಿತ್ರ ಸೇರಿಸಿ ಸುಮ್ಮನಾಗೋದು ಬೇಡ. ವಸ್ತು 'ಇರಬಾರದ' ಜಾಗದ ಚಿತ್ರಗಳನ್ನೂ ಹುಡುಕಿ ಪರೀಕ್ಷಿಸೋಣ.