ಗರ್ಭಿಣಿಯ ಊಟದಲ್ಲಿ ಮೀನು

ನಮ್ಮ ಕರಾವಳಿಯ ಮನೆಗಳಲ್ಲಿ ಅಂಜಲ್ ಮೀನಿಗಿರುವ ಮನ್ನಣೆ ಬೂತಾಯಿಗಿಲ್ಲ. ನೆಂಟರು ಬಂದ ದಿನ ಅಂಜಲ್, ಉಳಿದ ದಿನ ಬೂತಾಯಿ. ಮುಳ್ಳು ಹೆಚ್ಚು, ವಾಸನೆ ಹೆಚ್ಚು ಎಂಬುದು ಅದರ ಮೇಲಿನ ದೂರು. ಆದರೆ ಗರ್ಭಿಣಿಗೆ ಯಾವ ಮೀನು ಹಿತವೆಂದು ಕೇಳಿದರೆ ವೈದ್ಯರು ಸೂಚಿಸುವುದು ಈ ಅಗ್ಗದ ಬೂತಾಯಿಯನ್ನೇ. ಇದರ ಕೊಬ್ಬಿನಲ್ಲಿ ಹೇರಳವಾಗಿರುವ ಒಮೆಗಾ-3 ಎಂಬ ಅಂಶವು ಗರ್ಭಸ್ಥ ಶಿಶುವಿನ ಮೆದುಳು ಹಾಗೂ ಕಣ್ಣುಗಳ ಬೆಳವಣಿಗೆಗೆ ಅವಶ್ಯಕ. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಸಸಾರಜನಕವಿರುತ್ತದೆ. ಮೆತ್ತಗೆ ಬೆಂದ ಎಳೆಮುಳ್ಳುಗಳನ್ನು ಚೆನ್ನಾಗಿ ಅಗಿದು ತಿಂದರೆ ಸುಣ್ಣದ ಅಂಶವೂ ದೊರೆಯುತ್ತದೆ.

ಬಂಗುಡೆಯೂ ಉತ್ತಮವೇ, ತಾಜಾ ಆಗಿದ್ದರೆ ಮಾತ್ರ. ಮಂಜುಗಡ್ಡೆಯಿಲ್ಲದೆ ಹೊತ್ತುಗಟ್ಟಲೆ ಬಿಸಿಲಿನಲ್ಲಿದ್ದ ಬಂಗುಡೆಯನ್ನು ತಿಂದರೆ ಮೈ ತುರಿಸಿ, ಮುಖ ಕೆಂಪೇರಿ, ತಲೆನೋವು ಬರಬಹುದು. ಇದಕ್ಕೆ ಕಾರಣವಾದ ವಿಷವು ಬೇಯಿಸಿದರೂ ನಾಶವಾಗದು.

ಹಾಲು ಹೆಚ್ಚಲೆಂದು ಬಾಣಂತಿಗೆ ಶಾರ್ಕ್ ಮೀನನ್ನು ಕೊಡುವ ರೂಢಿ ಕೆಲವೆಡೆ ಉಂಟು. ಇತರ ಮೀನುಗಳನ್ನು ತಿಂದು ಬಹುಕಾಲ ಬದುಕುವ ಶಾರ್ಕ್‌ನ ಮಾಂಸದಲ್ಲಿ ಪಾದರಸವು ಶೇಖರವಾಗುತ್ತದೆ. ಅದು ಶಿಶುವಿನ ಮೆದುಳಿಗೆ ಹಾನಿಕರ. ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಈ ರೂಢಿಯನ್ನು ಕೈಬಿಡುವುದು ಲೇಸು. ಮಳೆಗಾಲದ ಒಣಮೀನಿನಲ್ಲಿ ಉಪ್ಪು ಅಧಿಕ. ರಕ್ತದ ಒತ್ತಡವಿರುವ ಗರ್ಭಿಣಿಯರಿಗೆ ಅದು ಸಲ್ಲದು.

ಪತಿಯಂದಿರು ಗಮನಿಸಬೇಕಾದ ಸಂಗತಿಯೊಂದಿದೆ. ಮನೆಮಂದಿಯೆಲ್ಲ ಉಂಡ ಬಳಿಕ ಗರ್ಭಿಣಿಯ ಪಾಲಿಗೆ ಪಾತ್ರೆಯ ತಳದ ಸಾರಷ್ಟೇ ಉಳಿಯುವುದುಂಟು. ಸಾರಿನಲ್ಲಿ ಮೀನಿನ ರುಚಿ ಇದ್ದೀತು, ಸಸಾರಜನಕ ಹೆಚ್ಚೇನೂ ಇರದು. ಆದುದರಿಂದ ಬಡಿಸುವುದಕ್ಕೆ ಮೊದಲೇ ಆಕೆಯ ಪಾಲಿನ ಮೀನನ್ನು ತೆಗೆದಿರಿಸತಕ್ಕದ್ದು.