ಪುಸ್ತಕ ಮುಚ್ಚಿದ ಮೇಲೆ

ನಿಮ್ಮ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ, ಅವರ ಕೈಗೆ ಕೊಡಲು ಯಾವ ಪುಸ್ತಕವಿದೆ?

1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯನ್ನು ಕಾಯುತ್ತಿದ್ದ ಸಂತ ಇಗ್ನೇಷಿಯಸರ ಕಾಲನ್ನು ಫಿರಂಗಿ ಗುಂಡು ಮುರಿಯಿತು. ಲೊಯೋಲದ ಮನೆಯಲ್ಲಿ ಮಲಗಿದ್ದ ಅವರು ಹೊತ್ತು ಕಳೆಯಲು ವೀರಯೋಧರ ಸಾಹಸಕಥೆಗಳನ್ನು ಕೇಳಿದರು. ಅಂಥ ಪುಸ್ತಕ ಒಂದೂ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು.

ಆಗ ಅವರು ಒಂದು ವಿಷಯ ಗಮನಿಸಿದರು. ಲೌಕಿಕ ಕೀರ್ತಿಯ ಕನಸು ಕಾಣುವಾಗ ಹಿತವಾಗಿತ್ತು. ಆಮೇಲೆ ಮನಸ್ಸು ಬರಿದಾಗುತ್ತಿತ್ತು. ಸಂತರಂತೆ ಬಾಳುವ ಯೋಚನೆ ಮಾತ್ರ ಮುಗಿದ ಮೇಲೂ ಆನಂದವನ್ನು ಉಳಿಸುತ್ತಿತ್ತು. ಯಾವುದು ದೇವರಿಂದ ಬಂದದ್ದು, ಯಾವುದು ಅಲ್ಲ ಎಂದು ವಿವೇಚಿಸುವ ಪಾಠ ಅಲ್ಲಿಂದ ಆರಂಭವಾಯಿತು. ಓದಿದ್ದರಲ್ಲಿ ಕ್ರಿಸ್ತರ ಮಾತುಗಳನ್ನು ಕೆಂಪು ಶಾಯಿಯಲ್ಲಿ, ಮಾತೆ ಮರಿಯಮ್ಮನವರ ಮಾತುಗಳನ್ನು ನೀಲಿಯಲ್ಲಿ ಬರೆದಿಟ್ಟುಕೊಂಡರು. ಮೂವತ್ತು ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ಕಲಿಯಲು ಕುಳಿತರು. ಅವರು ಸ್ಥಾಪಿಸಿದ ಯೇಸುಸಭೆಗೆ 1540ರಲ್ಲಿ ಪೋಪ್ ಮೂರನೇ ಪೌಲರ ಅನುಮೋದನೆ ದೊರೆಯಿತು.

ಕಥೆ, ಕಾದಂಬರಿ ಓದುವುದು ತಪ್ಪಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತೆಂದು ನಿಮ್ಮನ್ನೇ ಕೇಳಿಕೊಳ್ಳಿ. ಮಕ್ಕಳಿಗೂ ಈ ಅಭ್ಯಾಸ ಕಲಿಸಿ. ಈ ವಾರ ಸಂಜೆಯ ಜಪಸರದ ನಂತರ ಶುಭಸಂದೇಶದ ಒಂದೊಂದು ಅಧ್ಯಾಯವನ್ನು ಮನೆಮಂದಿಯೆಲ್ಲ ಸರದಿಯಂತೆ ಗಟ್ಟಿಯಾಗಿ ಓದಿ. ಕಪಾಟಿನಲ್ಲಿ ಸಂತರೊಬ್ಬರ ಚರಿತ್ರೆಯೂ ಇರಲಿ. ಬೇಸರ ಕಳೆಯಲು ಅದನ್ನು ಕೈಗೆತ್ತಿಕೊಂಡವರನ್ನೂ ದೇವರು ಕರೆದಾರು.